ಕಾಡು ಟರ್ಕಿಗೆ ಮನುಷ್ಯನ ವಾಸನೆ ಹತ್ತುತ್ತದೆಯೇ? ಮರೆ ಎಷ್ಟು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಮುಗಿಯುತ್ತ ಬಂದು ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ಓಕ್ ಮರಗಳು ಚಿಗುರುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಬಗೆಯ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಕೇಳುವವರಲ್ಲಿ ಹೆಚ್ಚಿನವರು ಒಂದೆರಡು ವರ್ಷ ಜಿಂಕೆ ಬೇಟೆ ಮಾಡಿ ಈಗ ಟರ್ಕಿ ಹಕ್ಕಿಯ ಬೇಟೆಗೆ ಕೈಹಾಕಿರುವ ಕನ್ನಡದವರು. ಕೆಲವರು ಊರಿನಿಂದಲೇ ಕುತೂಹಲಕ್ಕೆ ಬರೆಯುತ್ತಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ಮರದ ಬುಡದಲ್ಲಿ ಕೂತು ಕಲಿತವು.

## ಮೊದಲಿಗೆ

ಊರಲ್ಲಿ ಕೆಲವರು ಸಾಕ್ತಾರಲ್ಲ, ಅದೇ ಟರ್ಕಿ ಕೋಳಿ ತಾನೆ ಇದು?

ಜಾತಿ ಒಂದೇ, ಸ್ವಭಾವ ಪೂರ್ತಿ ಬೇರೆ. ಸಾಕು ಟರ್ಕಿಯ ಮೂಲ ಮೆಕ್ಸಿಕೊದ ಕಾಡು ಟರ್ಕಿ. ಅಲ್ಲಿನ ಮೂಲನಿವಾಸಿಗಳು ಪಳಗಿಸಿದ ಹಕ್ಕಿಯನ್ನು ಸ್ಪೇನಿನವರು ಯುರೋಪಿಗೆ ಒಯ್ದರು. 1612ರಲ್ಲಿ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಒಂದು ಟರ್ಕಿ ಹೋಗಿತ್ತು. ಚಿತ್ರಕಾರ ಮನ್ಸೂರ್ ಬರೆದ ಅದರ ಚಿತ್ರ ಇವತ್ತಿಗೂ ಉಳಿದಿದೆ. ಊರಿನ ಅಂಗಳದಲ್ಲಿ ಕಾಲಿಗೆ ತೊಡರುವ ಆ ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಕಾಡಿಗೆ ಬಂದರೆ ಬರಿಗೈಯಲ್ಲಿ ವಾಪಸಾಗುತ್ತೀರಿ. ಇಲ್ಲಿನ ಹುಂಜ ಏಳರಿಂದ ಹನ್ನೊಂದು ಕಿಲೋ ತೂಗಿದರೂ ಕುದುರೆಯಂತೆ ಓಡುತ್ತದೆ, ನೇರ ಮೇಲಕ್ಕೆ ಹಾರುತ್ತದೆ, ರಾತ್ರಿ ಮರದ ಮೇಲೆ ಮಲಗುತ್ತದೆ. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು ಎರಡು ಲಕ್ಷಕ್ಕೆ ಇಳಿದಿದ್ದ ಈ ಹಕ್ಕಿಯನ್ನು ಬಲೆ ಹಾಕಿ ಹಿಡಿದು, ಬೇರೆ ಬೇರೆ ಕಾಡುಗಳಿಗೆ ಬಿಟ್ಟು, ಹತ್ತಾರು ಲಕ್ಷ ಮಾಡಿದ್ದಾರೆ. ಆ ಕೆಲಸಕ್ಕೆ ಹಣ ಬಂದದ್ದು ಬಹುಪಾಲು ಬೇಟೆಗಾರರ ಲೈಸೆನ್ಸ್ ಶುಲ್ಕದಿಂದ, 1937ರ ಕಾಯ್ದೆ ಈ ಕೆಲಸಕ್ಕೆಂದು ಮೀಸಲಿಟ್ಟ, ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯಿಂದ.

ಒಂದೇ ಮಾತಲ್ಲಿ ಹೇಳಿ, ವಾಸನೆ ತೆಗೆಯೋ ಸೋಪು, ಸ್ಪ್ರೇಗೆ ದುಡ್ಡು ಹಾಕ್ಬೇಕಾ?

ಟರ್ಕಿಗಾಗಿ ಬೇಡ. ಆ ದುಡ್ಡಿನಲ್ಲಿ ಒಂದು ದಪ್ಪ ಮೆತ್ತೆ ಕೊಳ್ಳಿ. ಒಂದು ಗಂಟೆ ಅಲುಗಾಡದೆ ಕೂರುವುದಕ್ಕೆ ಮೆತ್ತೆಯಷ್ಟು ನೆರವಾಗುವ ಸಾಮಾನು ಇನ್ನೊಂದಿಲ್ಲ.

ವಸಂತದ ಬೇಟೆ ಅಂದ್ರೆ ಏನ್ ಮಾಡ್ತೀರಿ? ಹಿಂಬಾಲಿಸ್ಕೊಂಡು ಹೋಗ್ತೀರಾ?

ಇಲ್ಲ, ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿಯನ್ನು ಹಿಂಬಾಲಿಸುವಂತಿಲ್ಲ. ಕೂಗಿ ಕರೆದೇ ಹೊಡೆಯಬೇಕು ಎಂಬುದು ನಿಯಮ. ಮಲೆನಾಡಿನವರಿಗೆ ಸುಲಭವಾಗಿ ಹೇಳುವುದಾದರೆ ಇದು ಪ್ರಾಣಿಯನ್ನು ಅಟ್ಟಿ ಓಡಿಸುವ ಸೋವು ಅಲ್ಲ, ಅಡಗಿ ಕೂತು ಕಾಯುವ ಮರಸು. ನಸುಕಿಗೆ ಮುಂಚೆ ಹೋಗಿ ಕೂತು, ಹೇಂಟೆಯ ಹಾಗೆ ಕೂಗಿ, ಹುಂಜ ತಾನಾಗಿ ಬರುವಂತೆ ಮಾಡುವುದು. ಕೂಗಲು ಮರದ ಪೆಟ್ಟಿಗೆ, ಸ್ಲೇಟಿನ ಮೇಲೆ ಉಜ್ಜುವ ಕಡ್ಡಿ, ಇಲ್ಲವೇ ಬಾಯೊಳಗೆ ಇಟ್ಟುಕೊಳ್ಳುವ ತೆಳುಪೊರೆಯ ಪೀಪಿ ಬಳಸುತ್ತೇವೆ.

ಪ್ರಕೃತಿಯಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಬಳಿಗೆ ನಡೆದು ಹೋಗುತ್ತದೆ. ನಾವು ಅದನ್ನು ತಿರುವುಮುರುವು ಮಾಡುತ್ತಿದ್ದೇವೆ. ಹಾಗಾಗಿ ಹುಂಜ ಬಂದರೂ ಅನುಮಾನದಿಂದಲೇ ಬರುತ್ತದೆ. ಟರ್ಕಿ ದನಿ ಬಂದ ಜಾಗವನ್ನು ತುಂಬ ಕರಾರುವಾಕ್ಕಾಗಿ ಗುರುತಿಸುತ್ತದೆ. ನೂರೈವತ್ತು ಮೀಟರ್ ದೂರದಿಂದ ಕೇಳಿದ ಕೂಗಿಗೆ ಅದು ನೇರವಾಗಿ ನಿಮ್ಮ ಮರದ ಬುಡವನ್ನೇ ಹುಡುಕಿಕೊಂಡು ಬರಬಲ್ಲದು. ಜಿಂಕೆ ಬೇಟೆಯಲ್ಲಿ ಪ್ರಾಣಿ ನಿಮ್ಮನ್ನು ಹುಡುಕುತ್ತಿರುವುದಿಲ್ಲ. ಇಲ್ಲಿ ಬರುವ ಹಕ್ಕಿ ನೀವು ಕೂತಿರುವ ಜಾಗವನ್ನೇ ದಿಟ್ಟಿಸುತ್ತಾ ಬರುತ್ತದೆ. ಮರೆಯ ಮಾತು ಇಷ್ಟು ಮುಖ್ಯವಾಗುವುದು ಅದಕ್ಕೇ.

ವೀಸಾದಲ್ಲಿರೋರು ಬೇಟೆಗೆ ಹೋಗಬಹುದಾ? ಊರಿಗೆ ಬಂದಾಗ ನಮ್ಮ ತೋಟದಲ್ಲಿ ಪ್ರಯತ್ನಿಸಬಹುದಾ?

ಎಚ್-1ಬಿಯಂಥ ವಲಸೆಯೇತರ ವೀಸಾ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ರಾಜ್ಯದ ಕಾನೂನುಗಳು ಬೇರೆ. ವೀಸಾದ ಮೇಲೆ ನಿಮ್ಮ ಇಡೀ ಸಂಸಾರ ನಿಂತಿರುವಾಗ ವಕೀಲರನ್ನು ಕೇಳದೆ ಕೋವಿ ಮುಟ್ಟಬೇಡಿ.

ಊರಿನಲ್ಲಿ ಖಂಡಿತ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಕಾಡಿನ ಪ್ರಾಣಿ, ಹಕ್ಕಿಗಳ ಬೇಟೆ ಅಪರಾಧ. ತೋಟಕ್ಕೆ ಬರುವ ನವಿಲಂತೂ ಅತಿ ಹೆಚ್ಚು ರಕ್ಷಣೆ ಇರುವ ಅದರ ಮೊದಲ ಪರಿಚ್ಛೇದದ ಹಕ್ಕಿ, ಜೊತೆಗೆ 1963ರಿಂದ ರಾಷ್ಟ್ರಪಕ್ಷಿ.

## ವಾಸನೆಯ ವಿಚಾರ

ಹಕ್ಕಿಗಳಿಗೆ ಮೂಗೇ ಇಲ್ಲ ಅಂತಾರೆ, ನಿಜಾನಾ?

ಅದು ಹಳೆಯ ತಪ್ಪು ಕಲ್ಪನೆ. ಇದೇ ಅಮೆರಿಕದ ಆಕಾಶದಲ್ಲಿ ಹಾರುವ ಟರ್ಕಿ ವಲ್ಚರ್ ಎಂಬ ರಣಹದ್ದು, ಎಲೆಗಳ ಅಡಿಯಲ್ಲಿ ಬಿದ್ದ ಹೆಣವನ್ನು ವಾಸನೆಯಿಂದಲೇ ಪತ್ತೆಹಚ್ಚುತ್ತದೆ. ನ್ಯೂಜಿಲೆಂಡಿನ ಕಿವಿ ಹಕ್ಕಿ ನೆಲದೊಳಗಿನ ಹುಳುವನ್ನು ಮೂಸಿ ತೆಗೆಯುತ್ತದೆ. ಆದರೆ ಕಾಡು ಟರ್ಕಿಯ ಮಿದುಳಿನಲ್ಲಿ ವಾಸನೆಗೆ ಮೀಸಲಾದ ಭಾಗ ಬಹಳ ಚಿಕ್ಕದು. ಅದಕ್ಕೆ ಮೂಗು ಇದೆ, ಅಪಾಯ ಗುರುತಿಸಲು ಅದನ್ನು ನೆಚ್ಚಿಕೊಂಡಿಲ್ಲ. ಗಾಳಿ ನನ್ನ ಬೆನ್ನಿನಿಂದ ನೇರವಾಗಿ ಹಕ್ಕಿಯ ಕಡೆಗೆ ಬೀಸುತ್ತಿದ್ದ ಬೆಳಿಗ್ಗೆಗಳಲ್ಲಿ ಇಪ್ಪತ್ತು ಹೆಜ್ಜೆಗೆ ಬಂದ ಹುಂಜಗಳನ್ನು ಕಂಡಿದ್ದೇನೆ. ಅವುಗಳಲ್ಲಿ ಒಂದೂ ಮೂಗಿಗೆ ಏನೋ ತಗುಲಿದಂತೆ ತಲೆ ಎತ್ತಲಿಲ್ಲ.

ನಮ್ಮಜ್ಜ ಹಂದಿಗೆ ಗಾಳಿ ನೋಡಿ ಕೂರ್ತಿದ್ರಂತೆ. ಟರ್ಕಿಗೆ ಗಾಳಿ ನೋಡೋದೇ ಬೇಡ್ವಾ?

ಅಜ್ಜ ಸರಿಯಾಗಿಯೇ ಮಾಡಿದ್ದಾರೆ. ಹಂದಿ ಮೂಗಿನಿಂದ ಬದುಕುವ ಪ್ರಾಣಿ. ಟರ್ಕಿಗೂ ಗಾಳಿ ನೋಡಬೇಕು, ಆದರೆ ಬೇರೆ ಎರಡು ಕಾರಣಕ್ಕೆ.

ಒಂದು, ಸದ್ದು. ಜೋರು ಗಾಳಿಯಲ್ಲಿ ನಿಮ್ಮ ಕೂಗು ಹಕ್ಕಿಗೆ ಮುಟ್ಟುವುದಿಲ್ಲ, ಹಕ್ಕಿಯ ಕೂಗು ನಿಮಗೆ ಕೇಳುವುದಿಲ್ಲ. ಎಲ್ಲ ಕೊಂಬೆಗಳೂ ಅಲ್ಲಾಡುವಾಗ ಶತ್ರುವಿನ ಅಲುಗಾಟ ಯಾವುದೆಂದು ಟರ್ಕಿಗೂ ತಿಳಿಯದು. ಅಂಥ ದಿನ ಅದು ಕಾಡು ಬಿಟ್ಟು ಬಯಲಿಗೆ, ಹುಲ್ಲುಗಾವಲಿಗೆ ಬಂದು ನಿಲ್ಲುತ್ತದೆ. ಮಳೆಯಲ್ಲೂ ಹಾಗೆಯೇ.

ಇನ್ನೊಂದು, ಜಿಂಕೆ. ಈ ಅಂಶವನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಳಿಬಾಲದ ಜಿಂಕೆ ಗಾಳಿಯ ಕೆಳಗಿನಿಂದ ಬಂದು ನಿಮ್ಮ ವಾಸನೆ ಹಿಡಿದರೆ ಮೂಗಿನಿಂದ ಫೂತ್ಕರಿಸಿ, ಬಿಳಿಬಾಲ ನೆಟ್ಟಗೆ ಎತ್ತಿಕೊಂಡು ಓಡುತ್ತದೆ. ಅದನ್ನು ಕಂಡ ಟರ್ಕಿ ಮೇಯುವುದು ನಿಲ್ಲಿಸಿ ಕುತ್ತಿಗೆ ಉದ್ದ ಮಾಡುತ್ತದೆ. ಹೀಗೆ ನಿಮ್ಮ ವಾಸನೆ ಟರ್ಕಿಗೆ ತಲುಪುವುದು ಜಿಂಕೆಯ ಮೂಲಕ. ಜಿಂಕೆಗಳು ಓಡಾಡುವ ದಾರಿ ಕಂಡರೆ ಅದರ ಗಾಳಿಯ ಮೇಲ್ಬದಿಗೆ ಕೂರಬೇಡಿ. ಸೋಪು ಬದಲಿಸುವುದಕ್ಕಿಂತ ಜಾಗ ಬದಲಿಸುವುದು ಮೇಲು.

ಸೊಳ್ಳೆ ಔಷಧಿ ಹಚ್ಕೋಬಹುದಾ? ಫ್ಲಾಸ್ಕಲ್ಲಿ ಕಾಫಿ?

ಎರಡೂ ಧಾರಾಳವಾಗಿ. ಸೊಳ್ಳೆ ಔಷಧಿ ಇಲ್ಲಿ ಮರೆಯ ಒಂದು ಭಾಗ ಎಂದೇ ತಿಳಿಯಿರಿ. ಮೊದಲ ವರ್ಷ ನಾನು ಜಿಂಕೆಯ ಪಾಠವನ್ನೇ ಇಲ್ಲಿಗೂ ತಂದಿದ್ದೆ. ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಚೀಲದಲ್ಲಿ ಕಟ್ಟಿಟ್ಟು, ಸೊಳ್ಳೆ ಔಷಧಿಯನ್ನು ಮುಟ್ಟದೆ ಹೋದೆ. ಬೆಳಿಗ್ಗೆ ಏಳರ ಸುಮಾರಿಗೆ ಹುಂಜವೊಂದು ಜರಿಗಿಡಗಳ ನಡುವಿನಿಂದ ಬಂತು. ಮೂವತ್ತೈದು ಹೆಜ್ಜೆಗೆ ಬಂದಾಗ ಸೊಳ್ಳೆಯೊಂದು ಮುಸುಕಿನ ಮೇಲಿಂದಲೇ ಕಿವಿಗೆ ಕುಟುಕಿತು. ಕೈ ಅರ್ಧ ಅಡಿ ಎದ್ದಿತು, ಅಷ್ಟೇ. "ಪಟ್" ಎಂದು ಒಂದೇ ಒಂದು ಗಡುಸು ಸದ್ದು. ಟರ್ಕಿಯ ಎಚ್ಚರಿಕೆಯ ದನಿ ಅದು. ಆಮೇಲೆ ಅಲ್ಲಿ ಅಲ್ಲಾಡುವ ಜರಿಗಿಡ ಬಿಟ್ಟರೆ ಬೇರೇನೂ ಇರಲಿಲ್ಲ.

ರಕ್ತ ಹೀರುವ ಉಣ್ಣೆಯ (ಉಣುಗಿನ) ಕಾಟ ಸೊಳ್ಳೆಗಿಂತ ದೊಡ್ಡದು. ಮೇ ತಿಂಗಳಲ್ಲಿ ಎಲೆಗಳ ಮೇಲೆ ಕೂರುವ ನಮಗೆ ಲೈಮ್ ರೋಗ ಹರಡುವ ಉಣ್ಣೆಗಳು ಹತ್ತುತ್ತವೆ. ಲೋನ್ ಸ್ಟಾರ್ ಎಂಬ ಉಣ್ಣೆ ಕಚ್ಚಿದರೆ ಕೆಲವರಿಗೆ ಕುರಿ, ದನ, ಹಂದಿಯ ಮಾಂಸ ತಿಂದರೆ ಅಲರ್ಜಿಯಾಗುವ ತೊಂದರೆ ಅಂಟಿಕೊಳ್ಳುತ್ತದೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ಪೂರ್ತಿ ಒಣಗಿಸಿ, ಆಮೇಲೆ ತೊಡಿ. ಮೈಗೆ ನೇರವಾಗಿ ಹಚ್ಚಬೇಡಿ.

ಹೇಂಟೆ ಥರ ಕೂಗಿದ್ರೆ ಕರಡಿ, ಕಯೋಟಿ ಬರಲ್ವಾ?

ಬರುತ್ತವೆ. ಕಯೋಟಿ ಎಂಬ ಸಣ್ಣ ತೋಳದಂಥ ಪ್ರಾಣಿ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು, ಅಪರೂಪಕ್ಕೆ ಕಪ್ಪು ಕರಡಿ, ಊಟ ಕೂಗುತ್ತಿದೆ ಎಂದುಕೊಂಡೇ ಬರುತ್ತವೆ. ಅವುಗಳ ಮೂಗು ಚುರುಕು. ನಿಮ್ಮ ಮೈವಾಸನೆ ಇದ್ದರೆ ಹತ್ತಿರ ಬರುವ ಮುಂಚೆಯೇ ಇದು ಮನುಷ್ಯ ಎಂದು ತಿಳಿದು ತಿರುಗಿ ಹೋಗುತ್ತವೆ. ನಾನು ವಾಸನೆ ಅಡಗಿಸದಿರಲು ಇದೂ ಒಂದು ಕಾರಣ. ಬೆನ್ನಿಗೆ ದಪ್ಪ ಮರ ಇದ್ದರೆ ಹಿಂದಿನಿಂದ ಯಾವುದೂ ಎರಗದು.

## ಕಣ್ಣು, ಬಣ್ಣ, ಬಟ್ಟೆ

ಅದರ ಕಣ್ಣು ನಿಜವಾಗ್ಲೂ ಅಷ್ಟು ಚುರುಕಾ, ಇಲ್ಲ ಬೇಟೆಗಾರರ ಬಡಾಯಿನಾ?

ಬಡಾಯಿಯಲ್ಲ. ಮೊಟ್ಟೆಯಾಗಿದ್ದಾಗಿನಿಂದ ರಕೂನ್, ಹಾವು, ನರಿ, ಗೂಬೆ, ಕಯೋಟಿ, ಮನುಷ್ಯ ಎಲ್ಲರೂ ತಿನ್ನಲು ಕಾದಿರುವ ಹಕ್ಕಿ ಅದು. ಕಣ್ಣುಗಳು ತಲೆಯ ಎರಡು ಬದಿಗಿವೆ. ಕುತ್ತಿಗೆ ತಿರುಗಿಸದೆಯೇ ಸುಮಾರು 270 ಡಿಗ್ರಿ ಕಾಣುತ್ತದೆ, ಸ್ವಲ್ಪ ತಿರುಗಿಸಿದರೆ ಸುತ್ತಲೂ. ಹಗಲಿನಲ್ಲಿ ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ನಮ್ಮ ಕಣ್ಣಿಗೆ ನಿಲುಕದ ಅತಿನೇರಳೆಯ ಒಂದು ಪಾಲೂ ಅದಕ್ಕೆ ಕಾಣುತ್ತದೆ.

ದೌರ್ಬಲ್ಯ ಎರಡಿವೆ, ಅವೇ ನಮ್ಮ ಬಂಡವಾಳ. ಕಣ್ಣು ಪಕ್ಕಕ್ಕಿರುವುದರಿಂದ ದೂರ ಅಳೆಯುವುದು ಕಷ್ಟ. ಅದಕ್ಕೇ ತಲೆಯನ್ನು ಹಿಂದೆ ಮುಂದೆ ಕೊಂಕಿಸುತ್ತ, ಒಂದೊಂದೇ ಕಣ್ಣಿನಿಂದ ನೋಡುತ್ತ ನಡೆಯುತ್ತದೆ. ಇನ್ನೊಂದು, ಕತ್ತಲಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ನಾವು ಬೆಳಕು ಹರಿಯುವ ಒಂದು ಗಂಟೆ ಮೊದಲೇ ಹೋಗಿ ಕೂರುವುದು ಆ ಕಾರಣಕ್ಕೆ.

ಜಿಂಕೆಗೆ ಹಾಕೋ ಕಿತ್ತಳೆ ಜಾಕೆಟ್ಟೇ ಹಾಕ್ಕೊಂಡು ಅಲ್ಲಾಡದೆ ಕೂತ್ರೆ ಆಗಲ್ವಾ?

ಜಿಂಕೆಗೆ ಕಿತ್ತಳೆ ಬಣ್ಣ ಎದ್ದು ಕಾಣದು, ಟರ್ಕಿಗೆ ಕಾಣುತ್ತದೆ. ಕೂತಾಗ ತೆಗೆದಿಡಿ. ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿಗೆ ಕಿತ್ತಳೆ ಕಡ್ಡಾಯವಿಲ್ಲ, ಆದರೆ ಜಾಗ ಬದಲಿಸಲು ನಡೆಯುವಾಗ ಟೋಪಿಯನ್ನಾದರೂ ಹಾಕಿಕೊಳ್ಳಿ. ಹೊಡೆದ ಹಕ್ಕಿಯನ್ನು ಹೊತ್ತು ತರುವಾಗಂತೂ ಅದರ ಮೇಲೇ ಕಿತ್ತಳೆ ಬಟ್ಟೆ ಸುತ್ತಿ. ಹೆಗಲ ಮೇಲೆ ತೂಗುವ ಟರ್ಕಿಯನ್ನು ಕಂಡು ಇನ್ನೊಬ್ಬರು ಗುರಿ ಹಿಡಿಯುವ ಅಪಾಯ ಕಲ್ಪನೆಯದಲ್ಲ.

ಯಾವ ಕ್ಯಾಮೊ (ಕಾಡಿನ ಬಣ್ಣದ ಮರೆಬಟ್ಟೆ) ತಗೊಳ್ಳಲಿ? ಅಂಗಡೀಲಿ ನೂರು ಥರ ಇದೆ.

ಕಾಡಿನ ಆ ವಾರದ ಬಣ್ಣಕ್ಕೆ ಹೊಂದುವುದನ್ನು. ಋತು ಶುರುವಾದಾಗ ಮರಗಳು ಬೋಳು, ನೆಲ ಒಣಗಿದ ಓಕ್ ಎಲೆಯ ಕಂದು. ಮೂರನೇ ವಾರಕ್ಕೆ ಮೇಆಪಲ್ ಗಿಡಗಳು ಕೊಡೆಯಂಥ ಎಲೆ ಬಿಚ್ಚಿ, ಜರಿಗಿಡ ಎದ್ದು, ಎಲ್ಲ ಹಸಿರು. ಕಂದು ಅಂಗಿ ಒಂದು, ಹಸಿರು ಅಂಗಿ ಒಂದು ಇದ್ದರೆ ಸಾಕು. ದುಬಾರಿ ಮುದ್ರಣಕ್ಕೂ ಅಗ್ಗದ್ದಕ್ಕೂ ಟರ್ಕಿಯ ಕಣ್ಣಿನಲ್ಲಿ ದೊಡ್ಡ ಅಂತರ ಕಂಡಿದ್ದು ನನಗೆ ನೆನಪಿಲ್ಲ.

ಬಟ್ಟೆಗಿಂತ ನಿಮ್ಮನ್ನು ಹಿಡಿದುಕೊಡುವುದು ಬರಿಮೈ. ಮುಖಕ್ಕೆ ಮುಸುಕು, ಕೈಗೆ ಗ್ಲೌಸ್ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಮ್ಮ ಮೈಬಣ್ಣ ಕಪ್ಪು, ಕಾಣುವುದಿಲ್ಲ ಎಂದುಕೊಳ್ಳಬೇಡಿ. ಬೆವರಿದ ಹಣೆ ಯಾವ ಬಣ್ಣದ್ದಾದರೂ ಬಿಸಿಲಿಗೆ ಹೊಳೆಯುತ್ತದೆ. ಕನ್ನಡಕದ ಗಾಜು, ಗಡಿಯಾರ, ಉಂಗುರ, ಕೋವಿಯ ನಳಿಗೆ ಇವೂ ಮಿನುಗುತ್ತವೆ. ಕನ್ನಡಕ ಬಿಡಲಾಗದವರು ಟೋಪಿಯ ಅಂಚು ಕೆಳಗಿಳಿಸಿ ನೆರಳಿನಲ್ಲಿ ಕೂರಿ.

ಒಗೆಯುವ ವಿಷಯ: ಬಿಳುಪು ಹೆಚ್ಚಿಸುವ ಡಿಟರ್ಜೆಂಟುಗಳಲ್ಲಿ ಅತಿನೇರಳೆಯನ್ನು ಹೀರಿ ನೀಲಿಯಾಗಿ ಹೊಳೆಸುವ ರಾಸಾಯನಿಕ ಇರುತ್ತದೆ. ಅದಿಲ್ಲದ ಸೋಪಿನಲ್ಲಿ ಒಗೆಯುವುದು ಒಳ್ಳೆಯದು. ಹಾಗೆಂದು ಇದನ್ನೇ ತಲೆಗೆ ಹಚ್ಚಿಕೊಳ್ಳಬೇಡಿ. ಅಲ್ಲಾಡದೆ ಕೂತವನ ಹೊಳಪಿನ ಅಂಗಿಗಿಂತ ಚಡಪಡಿಸುವವನ ಮಂಕು ಅಂಗಿಯೇ ಮೊದಲು ಕಾಣುತ್ತದೆ.

ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಇದೆ. ಬಿಚ್ಚಲೇಬೇಕಾ?

ಬಿಚ್ಚುವುದು ಬೇಡ, ಗ್ಲೌಸಿನ ಒಳಗೆ ಪೂರ್ತಿ ಮುಚ್ಚಿ. ಇದು ಹಕ್ಕಿಗೆ ಹೆದರಿ ಹೇಳುವ ಮಾತಲ್ಲ. ವಸಂತದಲ್ಲಿ ಹುಂಜದ ಬೋಳು ತಲೆ, ಕುತ್ತಿಗೆ ಕೆಂಪು, ಬಿಳಿ, ನೀಲಿ ಬಣ್ಣಕ್ಕೆ ತಿರುಗುತ್ತವೆ. ಅದೇ ಕಾಡಿನಲ್ಲಿ ಕೂತ ಇನ್ನೊಬ್ಬ ಬೇಟೆಗಾರ ಪೊದೆಗಳ ನಡುವೆ ಹುಡುಕುತ್ತಿರುವುದೂ ಅದೇ ಮೂರು ಬಣ್ಣಗಳ ಒಂದು ಚುಕ್ಕೆಯನ್ನು. ಕೂಗಲು ಕೈ ಆಡಿಸುವಾಗ ಮಣಿಕಟ್ಟಿನ ಬಳಿ ಕೆಂಪು ದಾರ ಮಿನುಗಿದರೆ ಎಲೆಗಳ ಸಂದಿಯಿಂದ ಅದು ಟರ್ಕಿಯ ತಲೆಯಂತೆಯೇ ಕಾಣಬಹುದು. ಕುತ್ತಿಗೆಯ ಬಳಿ ಇಣುಕುವ ಬಿಳಿ ಬನಿಯನ್, ಕೂತಾಗ ಪ್ಯಾಂಟು ಮೇಲೇರಿ ಕಾಣುವ ಬಿಳಿ ಕಾಲುಚೀಲ, ಕೆಂಪು ಅಥವಾ ನೀಲಿ ಕರವಸ್ತ್ರ, ಕುಂಕುಮ, ಇವೆಲ್ಲಕ್ಕೂ ಇದೇ ಮಾತು. ಮನೆ ಬಿಡುವ ಮುಂಚೆ ದೀಪದ ಕೆಳಗೆ ನೆಲದ ಮೇಲೆ ಕೂತು ಮನೆಯವರಿಗೆ ಒಮ್ಮೆ ನೋಡಲು ಹೇಳಿ.

## ಕಾಡಿನಲ್ಲಿ ಕೂತ ಮೇಲೆ

ಎಲ್ಲಿ ಕೂರೋದು? ಪೊದೆ ಒಳಗಾ, ಮರದ ಹಿಂದೆನಾ?

ಮರದ ಮುಂದೆ. ನಿಮ್ಮ ಭುಜಕ್ಕಿಂತ ಅಗಲವಾದ, ತಲೆಗಿಂತ ಎತ್ತರದ ಕಾಂಡಕ್ಕೆ ಬೆನ್ನು ಕೊಟ್ಟು, ನೆರಳಿನಲ್ಲಿ. ಕಾಂಡದ ಕಪ್ಪು ನಿಮ್ಮ ಆಕಾರವನ್ನು ನುಂಗುತ್ತದೆ, ಹಿಂದಿನಿಂದ ಬರುವ ಈಡಿಗೂ ಅಡ್ಡ ನಿಲ್ಲುತ್ತದೆ. ಮರದ ಹಿಂದೆ ಕೂತರೆ ನೋಡಲು ಇಣುಕಬೇಕು, ಇಣುಕುವುದು ಅಲುಗಾಟ. ಎದುರಿನ ನೋಟ ಮಾತ್ರ ನಿಮಗೆ ತೆರೆದಿರಲಿ. ಬರುತ್ತಿರುವುದು ಹುಂಜವೋ ಮನುಷ್ಯನೋ ನಿಮಗೆ ದೂರದಿಂದಲೇ ಗೊತ್ತಾಗಬೇಕು.

ಮನುಷ್ಯ ಬಂದರೆ ಕೈ ಬೀಸಬೇಡಿ, ಹೇಂಟೆಯಂತೆ ಕೂಗಬೇಡಿ. ಅಲ್ಲಾಡದೆ, ಗಟ್ಟಿ ದನಿಯಲ್ಲಿ ಮಾತಾಡಿ. ಆ ಬೆಳಗಿನ ಬೇಟೆ ಕೆಟ್ಟರೆ ಕೆಡಲಿ.

ಗುಡಾರದಂಥ ಬ್ಲೈಂಡ್ ಇದ್ರೆ ಈ ತಾಪತ್ರಯ ಇಲ್ವಲ್ಲ?

ಮಕ್ಕಳ ಜೊತೆ, ವಯಸ್ಸಾದವರ ಜೊತೆ, ಬಿಲ್ಲು ಹಿಡಿದು ಹೋದಾಗ ಅದೇ ಸರಿ. ಬಯಲಿನ ನಡುವೆ ರಾತ್ರೋರಾತ್ರಿ ಎದ್ದ ಗುಡಾರವನ್ನು ಜಿಂಕೆ ಅನುಮಾನಿಸುತ್ತದೆ, ಟರ್ಕಿ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಹಿಂಬದಿಯ ಕಿಟಕಿಗಳನ್ನು ಮುಚ್ಚಿ, ಕಪ್ಪು ಅಂಗಿ ತೊಟ್ಟು, ಕತ್ತಲಲ್ಲಿ ಕರಗಿ ಕೂರಿ. ನನಗೆ ಮಾತ್ರ ಮರದ ಬುಡವೇ ಇಷ್ಟ. ಗುಡಾರದೊಳಗೆ ಕಾಡಿನ ಅರ್ಧ ಸದ್ದು ಕೇಳುವುದಿಲ್ಲ.

ಟರ್ಕಿ ಬಾಲ ಬಿಚ್ಚಿ ಹಿಡ್ಕೊಂಡು ಅದರ ಹಿಂದೆ ತೆವಳೋ ವಿಡಿಯೊ ನೋಡಿದೆ. ಅದಕ್ಕಿಂತ ಒಳ್ಳೆ ಮರೆ ಇದ್ಯಾ?

ದಯವಿಟ್ಟು ಬೇಡ. ಕೋವಿ ಹಿಡಿದವರು ಹುಡುಕುತ್ತಿರುವ ರೂಪವನ್ನೇ ಮುಖದ ಮುಂದೆ ಹಿಡಿದುಕೊಂಡು ನೆಲಮಟ್ಟದಲ್ಲಿ ಚಲಿಸುವುದು ಅದು. ಕೆಲವು ಕಡೆ ನಿಷಿದ್ಧ, ಇಲ್ಲಿನ ನಿಯಮಕ್ಕೆ ಹೊಂದುವುದೂ ಇಲ್ಲ. ಕಾನೂನು ಒಪ್ಪುವ ಕಡೆಯಲ್ಲೂ ನನಗೆ ಬೇಕಾದವರು ಹಾಗೆ ಮಾಡುವುದನ್ನು ನಾನು ಒಪ್ಪಲಾರೆ.

ಹಕ್ಕಿ ಬಂದೇ ಬಿಡ್ತು, ಕೋವಿ ಎತ್ತೋದು ಯಾವಾಗ?

ಬರುವ ಮುಂಚೆ. ಹುಂಜದ ಕೂಗು ಹತ್ತಿರವಾಗುತ್ತಿದೆ ಎನಿಸಿದ ಕೂಡಲೇ ಕೋವಿಯನ್ನು ಎಡ ಮೊಣಕಾಲಿನ ಮೇಲೆ ಇಟ್ಟು ಭುಜಕ್ಕೆ ಒರಗಿಸಿ, ಕೂಗುವ ಪೆಟ್ಟಿಗೆ ಕೆಳಗಿಡಿ. ಬಲಗೈಯವರು ಎಡ ಭುಜ ಹಕ್ಕಿ ಬರುವ ದಿಕ್ಕಿಗೆ ಇರುವಂತೆ ಕೂತರೆ ನಳಿಗೆಯನ್ನು ಹೆಚ್ಚು ಅಗಲಕ್ಕೆ ತಿರುಗಿಸಬಹುದು.

ಆಮೇಲೆ ಕಾಯಬೇಕು. ಮೊದಲು ಕೇಳುವುದು ಕೂಗಲ್ಲ, ಗಾಳಿಯೊಳಗೇ ಗುಡುಗಿದಂಥ ಒಂದು ತಗ್ಗಿದ ಮೊಳಗು. ಕಿವಿಗಿಂತ ಎದೆಗೆ ಮೊದಲು ತಿಳಿಯುತ್ತದೆ. ಬಳಿಕ ರೆಕ್ಕೆಯ ತುದಿ ಒಣ ಎಲೆಯ ಮೇಲೆ ಎಳೆಯುವ ಸರಸರ. ಬಾಲ ಬೀಸಣಿಗೆಯಂತೆ ಬಿಚ್ಚಿದ ಹುಂಜ ದಪ್ಪ ಮರವೊಂದರ ಹಿಂದೆ ಹೋದಾಗ, ಅಥವಾ ತಿರುಗಿ ಬಾಲವೇ ಅದರ ತಲೆಯನ್ನು ಮುಚ್ಚಿದಾಗ, ಆ ಎರಡು ಸೆಕೆಂಡಿನಲ್ಲಿ ನಳಿಗೆ ಸರಿಸಿ. ಉಳಿದ ಹೊತ್ತು ರೆಪ್ಪೆ ಸಹ ನಿಧಾನ. ನಲವತ್ತು ಗಜದೊಳಗೆ ಬಂದು, ಎದೆಯಿಂದ ಜೋತ ಕೂದಲಿನಂಥ ಗಡ್ಡ ಸ್ಪಷ್ಟವಾಗಿ ಕಂಡು, ಕುತ್ತಿಗೆ ನೆಟ್ಟಗಾದ ಮೇಲೆ ತಲೆ ಕುತ್ತಿಗೆಗೆ ಮಾತ್ರ ಈಡು. ಗಡ್ಡ ಕಾಣದಿದ್ದರೆ ಹೊಡೆಯುವಂತಿಲ್ಲ.

ಹುಂಜ ಕೂಗ್ತಾನೇ ಇತ್ತು, ಎಂಬತ್ತು ಗಜಕ್ಕೆ ಬಂದು ನಿಂತೇಬಿಡ್ತು. ನನ್ನ ವಾಸನೆ ಬಂದಿರ್ಬೇಕು ಅಲ್ವಾ?

ಅಲ್ಲ. ಈ ಪ್ರಶ್ನೆ ಪ್ರತಿ ಮೇ ತಿಂಗಳೂ ಬರುತ್ತದೆ, ಪ್ರತಿ ಸಲವೂ ಕಾರಣ ಜಾಗದಲ್ಲೇ ಇರುತ್ತದೆ. ನೀವು ಕೂತ ಜಾಗ ಅದಕ್ಕೆ ಎಂಬತ್ತು ಗಜದಿಂದಲೇ ಪೂರ್ತಿ ಕಾಣುತ್ತಿತ್ತು. ಕೂಗಿದ ಹೇಂಟೆ ಅಲ್ಲಿ ಇರಬೇಕಿತ್ತು, ಇಲ್ಲ. ಹುಂಜ ನಿಂತು, ಬಾಲ ಬಿಚ್ಚಿ, ಇನ್ನು ನೀನೇ ಬಾ ಎಂದಿತು. ಇನ್ನು ಕೆಲವೊಮ್ಮೆ ನಡುವೆ ತೊರೆಯೋ ತಂತಿಬೇಲಿಯೋ ಇರುತ್ತದೆ, ಅಥವಾ ನಿಜವಾದ ಹೇಂಟೆಗಳು ಅದರ ಜೊತೆಗಿರುತ್ತವೆ. ಕೈಯಲ್ಲಿರುವುದನ್ನು ಬಿಟ್ಟು ಅದು ನಿಮ್ಮ ಬಳಿಗೇಕೆ ಬರಬೇಕು?

ಮುಂದಿನ ಸಲ ನೆಲದ ಸಣ್ಣ ಏರಿನ ಈಚೆ ಬದಿಯಲ್ಲಿ, ಏರಿನ ನೆತ್ತಿಯಿಂದ ಮೂವತ್ತು ಹೆಜ್ಜೆ ಕೆಳಗೆ ಕೂರಿ. ಹೇಂಟೆಯನ್ನು ನೋಡಬೇಕೆಂದರೆ ಹುಂಜ ಆ ನೆತ್ತಿಯನ್ನು ಏರಲೇಬೇಕು. ಏರಿದಾಗ ಅದು ನಿಮ್ಮ ಅಳತೆಯೊಳಗಿರುತ್ತದೆ. ಅಲ್ಲಿಗೂ ಬರದೆ ಕೂಗು ನಿಂತುಹೋದರೆ ಏಳಬೇಡಿ. ನಾನು ಗಡಿಯಾರ ನೋಡಿ ಇನ್ನೂ ಮುಕ್ಕಾಲು ಗಂಟೆ ಕೂರುತ್ತೇನೆ. ಹೇಂಟೆಗಳು ಗೂಡಿಗೆ ಮೊಟ್ಟೆಯಿಡಲು ಹೋದ ಮೇಲೆ, ಒಂಬತ್ತು ಗಂಟೆಯ ನಂತರ, ಬೆಳಿಗ್ಗೆ ಕೇಳಿದ ಆ ಕೂಗಿನ ನೆನಪಿಟ್ಟುಕೊಂಡು ಒಂದು ಸದ್ದೂ ಮಾಡದೆ ನಡೆದು ಬಂದ ಹುಂಜಗಳೇ ನನಗೆ ಹೆಚ್ಚು ಸಿಕ್ಕಿವೆ.